ಮುಟ್ಟಬಾರದ ಕಡಲಿಗೆ ಹೋಗಿ ಬಂದೆವು

ನಾಸಿಕದಿಂದ ಹೊರಡುವ ಮುನ್ನಾದಿನವೇ ನಮ್ಮ ಅತ್ತೆ ಪಂಚಾಂಗ ನೋಡಿ ತೀರ್ಪು ಕೊಟ್ಟಿದ್ದರು. "ನಾವು ವಾಪಸ್ ಹೊಂಟ ಮ್ಯಾಲ ಹುಣ್ಣಿಮಿ ಬರ್ತದ. ನಾ ಸಮುದ್ರ ಮುಟ್ಟಂಗಿಲ್ಲ. ದೂರದಿಂದ ಕೈ ಮುಗದು ಬರ್ತೀನಿ." ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಕಡಲನ್ನು ಮುಟ್ಟಬಾರದೆಂದು ಪಂಚವಟಿಯ ಭಟ್ಟರು ಅವರಿಗೆ ಹೇಳಿದ್ದರು. ನಮ್ಮ ಯಜಮಾನರ ರಜೆಯೋ ಹುಣ್ಣಿಮೆಯವರೆಗೆ ಇರಲಿಲ್ಲ. ಬೀದರಿನಲ್ಲಿ ಹುಟ್ಟಿ ನಾಸಿಕದಲ್ಲಿ ತಲೆ ನರೆತ ಅತ್ತೆ ಅಲ್ಲಿಯವರೆಗೆ ಕಡಲನ್ನೇ ಕಂಡವರಲ್ಲ. ಇನ್ನೊಮ್ಮೆ ಅಷ್ಟು ದೂರ ಬರುವ ಮಂಡಿ ಅವರದಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹೊರಟದ್ದು ಮದುವೆಗೆ. ಪಂಚವಟಿಯಲ್ಲಿ ನಮ್ಮ ಮನೆಯ ಕೆಳಗೇ ಹೋಟೆಲು ಇಟ್ಟಿದ್ದ ವಾಸುದೇವ ರಾಯರು ಮಗಳ ಮದುವೆಯನ್ನು ತಮ್ಮ ಊರು ಮೂಲ್ಕಿಯಲ್ಲೇ ಮಾಡುವವರಿದ್ದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆಯಿಂದ ಕರಾವಳಿಗೆ ನೇರ ರೈಲಿರಲಿಲ್ಲ. ಪುಣೆಯವರೆಗೆ ಎಸ್.ಟಿ. ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ರೈಲು, ಮತ್ತೆ ಬಸ್ಸು. ಘಟ್ಟ ಇಳಿಯುವಾಗ ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡರು. ಹೊರಗೆ ಬೇಯಿಸಿದ್ದನ್ನು ಮುಟ್ಟದ ಅತ್ತೆ ಮಾತ್ರ ಗಂಟಿನಿಂದ ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ನಿಶ್ಚಿಂತೆಯಿಂದ ಊಟ ಮಾಡಿದರು. ಮಡಿಯೆಂದರೆ ಅವರಿಗೆ ಅಷ್ಟು. ಮನೆಯಲ್ಲಿ ಅವರ ಸ್ನಾನವಾದ ಮೇಲೆ ಊಟದ ಹೊತ್ತಿನವರೆಗೆ ನನ್ನ ಸೆರಗು ಕೂಡ ಅವರಿಗೆ ತಾಗುವಂತಿರಲಿಲ್ಲ.

ಮದುವೆ ಗದ್ದಲದಲ್ಲಿ ಕಳೆಯಿತು. ಮರುದಿನ ರಾಯರ ತಂಗಿ ಸುಮತಿ ನಮ್ಮನ್ನು ಕಡಲು ತೋರಿಸಲು ಕರೆದೊಯ್ದರು. ಅವರು ಅದೇ ಊರಿನ ಶಾಲೆಯಲ್ಲಿ ಟೀಚರು. ಶಾಂಭವಿ ಹೊಳೆಯನ್ನು ದೋಣಿಯಲ್ಲಿ ದಾಟಿದೆವು. ತಲೆಗೆ ಹತ್ತು ಪೈಸೆ. ಆಚೆಗೆ ಹೊಳೆ ಮತ್ತು ಕಡಲಿನ ನಡುವೆ ಮರಳಿನ ಉದ್ದನೆಯ ಪಟ್ಟಿ, ಅದರ ಮೇಲೆ ಸಾಲಾಗಿ ಗಾಳಿಮರ. ಕೆಂಪು ಗರುಡಗಳು ಹೊಳೆಯ ಬಾಯಿಯ ಮೇಲೆ ಸುತ್ತುತ್ತಿದ್ದವು, ಒಣಮೀನಿನ ವಾಸನೆಗೆ ಅತ್ತೆ ಮೂಗಿಗೆ ಸೆರಗು ಹಿಡಿದಿದ್ದರು. ಮರಳಿನ ದಿಬ್ಬ ಹತ್ತಿ ಕಡಲು ಕಂಡೊಡನೆ ಆ ಸೆರಗು ತಾನಾಗಿ ಕೆಳಗಿಳಿಯಿತು.

ಮೀನು ಹಿಡಿಯುವ ಮೊಗವೀರರ ಹುಡುಗರು ಹಳೆಯ ದೋಣಿಯ ಹಲಗೆ ಹಿಡಿದು ನೀರಿಗಿಳಿದು, ತೆರೆ ಏಳುತ್ತಲೇ ಅದರ ಮೇಲೆ ಮಲಗಿ ದಡದವರೆಗೆ ಜಾರಿ ಬರುತ್ತಿದ್ದರು. ಅತ್ತೆ ಅದನ್ನೇ ನೋಡುತ್ತ ಎರಡು ಹೆಜ್ಜೆ ಮುಂದೆ ಹೋಗುವುದು, ನೊರೆ ಹತ್ತಿರ ಬಂದರೆ ಸೀರೆ ಎತ್ತಿ ನಾಲ್ಕು ಹೆಜ್ಜೆ ಹಿಂದೆ ಬರುವುದು. ಕಡಲಿಗೂ ಅವರಿಗೂ ಸಂಜೆಯವರೆಗೆ ಅದೇ ಆಟ. ನನಗೆ ಮೊದಲು ನಗು ಬಂತು, ಆಮೇಲೆ ಅಯ್ಯೋ ಅನ್ನಿಸಿತು.

"ಕಾಲಾದರೂ ಅದ್ದಿ ಅಮ್ಮ, ಯಾರು ನೋಡ್ತಾರೆ?" ಎಂದರು ಸುಮತಿ.

"ನಾ ನೋಡ್ತೀನಲ್ಲವ್ವಾ" ಎಂದರು ಅತ್ತೆ.

ಕತ್ತಲಾಗುವ ಮುನ್ನ ದೋಣಿ ಹತ್ತಿ ಮನೆಗೆ ಬಂದೆವು.

ಹೊರಡುವ ದಿನ ಬೆಳಗ್ಗೆ ಸ್ನಾನ ಮುಗಿಸಿ ಮಡಿಸೀರೆಯುಟ್ಟ ಅತ್ತೆ, "ಇನ್ನೊಮ್ಮಿ ಸಮುದ್ರ ನೋಡಿ ಬರಣಾ" ಎಂದರು. ಯಜಮಾನರು ಗಂಟುಮೂಟೆ ಕಟ್ಟುತ್ತಿದ್ದುದರಿಂದ ನಾವು ಮೂವರು ಹೆಂಗಸರೇ ಹೊಳೆ ದಾಟಿದೆವು. ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸುಮತಿ ಗಾಳಿಮರದ ಬುಡದಲ್ಲಿದ್ದ ಹಲಗೆಯೊಂದನ್ನು ಎಳೆದುಕೊಂಡು, "ಬನ್ನಿ ಅಕ್ಕ, ನಾನೂ ಸಣ್ಣವಳಿದ್ದಾಗ ಆಡಿದ್ದೆ. ನಾನು ಹಿಡ್ಕೊಳ್ತೇನೆ" ಎಂದರು.

ನಾನು ಅತ್ತೆಯ ಮುಖ ನೋಡಿದೆ. ಬೇಡ ಎನ್ನುತ್ತಾರೆಂದುಕೊಂಡಿದ್ದೆ.

"ಹೋಗು" ಎಂದರು. "ನಿನಗ ಭಟ್ಟರು ಏನೂ ಹೇಳಿಲ್ಲ."

ಕಚ್ಚೆ ಬಿಗಿದು ಇಳಿದೆ. ಗೋದಾವರಿಯಲ್ಲಿ ಮೂಗು ಹಿಡಿದು ಮುಳುಗುವುದಷ್ಟೇ ಗೊತ್ತಿದ್ದವಳು ನಾನು. ಸುಮತಿ ನನ್ನನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ತೆರೆ ಬೆನ್ನ ಹಿಂದೆ ಏಳುತ್ತಲೇ ತಳ್ಳಿಬಿಟ್ಟರು. ಜೀವ ಬಾಯಿಗೆ ಬಂತು. ಕಣ್ಣು ಬಿಡುವಷ್ಟರಲ್ಲಿ ಮರಳಿನ ಮೇಲಿದ್ದೆ; ಮೂಗು ಬಾಯಿ ತುಂಬ ಉಪ್ಪು, ತಡೆಯಲಾಗದ ನಗು. ಅಷ್ಟು ಸಂತೋಷ ಮದುವೆಯಾದ ಮೇಲೆ ನನಗೆ ಆಗಿರಲೇ ಇಲ್ಲ.

ತೊಟ್ಟಿಕ್ಕುತ್ತ ದಿಬ್ಬ ಹತ್ತಿದೆ. ಅಭ್ಯಾಸಬಲದಿಂದ ಅತ್ತೆಯಿಂದ ಒಂದು ಮಾರು ದೂರದಲ್ಲೇ ನಿಂತೆ. ಅವರೇ ಹತ್ತಿರ ಬಂದರು. ನನ್ನ ಒದ್ದೆ ಸೆರಗನ್ನು ಒಂದು ಕೈಯಲ್ಲಿ ಹಿಂಡಿ, ಇನ್ನೊಂದು ಅಂಗೈಗೆ ಬಿದ್ದ ನೀರನ್ನು ತಲೆಯ ಮೇಲೆ ಸುರಿದುಕೊಂಡರು. ನಾನು ಗಾಬರಿಯಾಗಿ, "ಅತ್ತೀ, ಮಡಿ..." ಎಂದೆ.

"ಸಮುದ್ರ ಮುಟ್ಟಬಾರದು ಅಂತದ ಶಾಸ್ತ್ರ. ನೀ ಏನು ಸಮುದ್ರ ಏನ?" ಎಂದರು.

ಮತ್ತೆ ಹಿಂಡಿದರು. ಹನಿಯಷ್ಟೇ ಬಂತು. ಅದನ್ನು ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದರು, ಆಮೇಲೆ ಸಣ್ಣ ಹುಡುಗಿಯ ಹಾಗೆ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಹೊಳೆಯ ಆಚೆ ದಡದಿಂದ ಯಜಮಾನರು ಬಸ್ಸಿಗೆ ಹೊತ್ತಾಯಿತೆಂದು ಕೂಗುವುದು ಕೇಳಿಸುತ್ತಿತ್ತು.

"ಕೂಗಲಿ ಬಿಡು" ಎಂದು ಅತ್ತೆ ನನ್ನ ಬೆನ್ನಿಗೆ ಕೈ ಹಚ್ಚಿ ಕಡಲ ಕಡೆಗೆ ತಳ್ಳಿದರು. "ಸೆರಗು ಒಣಗ್ಯಾದ. ಇನ್ನೊಮ್ಮಿ ಹೋಗಿ ಬಾ."