ಅಕ್ಕಿ ತೊಳೆದ ನೀರಿಗೆ ಬಂದ ದೂರು

ಬಾಗಿಲು ತೆರೆದರೆ ಕೆಳಗಿನ ಮನೆಯ ಗಿರಿಜಕ್ಕ ನಿಂತಿದ್ದರು. ಯಾಕೆ ಬಂದಿದ್ದಾರೆಂದು ನೋಡಿದ ಕೂಡಲೇ ಊಹಿಸಿದೆ.

ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರೇ ಗತಿ. ಹಾಗಾಗಿ ಅಕ್ಕಿ, ಬೇಳೆ ತೊಳೆದ ನೀರನ್ನು ಚೆಲ್ಲದೆ ಬಾಲ್ಕನಿಯ ಗಿಡಗಳಿಗೆ ಹಾಕುತ್ತೇನೆ. ಕುಂಡದಿಂದ ಸೋರಿದ್ದು ಕೆಳಗಿನವರ ಬಾಲ್ಕನಿಗೆ ತೊಟ್ಟಿಕ್ಕುತ್ತದೆ ಎಂದು ಗೊತ್ತಿದ್ದರೂ ಸುಮ್ಮನಿದ್ದೆ. ಗಿರಿಜಕ್ಕ ಬರುವುದಕ್ಕೆ ಒಂದು ವಾರ ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಮೇಲಿನಿಂದ ನೀರು ಬೀಳಿಸಬೇಡಿ’ ಎಂಬ ಸೂಚನೆ ಬಂದಿತ್ತು. ಇದು ಗಿರಿಜಕ್ಕನದೇ ದೂರು ಎಂದುಕೊಂಡು ಕುಂಡಗಳ ಕೆಳಗೆಲ್ಲ ಹಳೆಯ ತಟ್ಟೆಗಳನ್ನು ಇಟ್ಟುಬಿಟ್ಟಿದ್ದೆ.

“ಸಾರಿ ಅಕ್ಕ, ಇನ್ನೂ ನೀರು ಬೀಳ್ತಿದೆಯಾ?” ಎಂದೆ.

“ಬೀಳಾಕತ್ತಿಲ್ರಿ, ಅದನ್ನ ಕೇಳಾಕ ಬಂದೀನಿ,” ಎಂದರು ಗದಗಿನ ಗಿರಿಜಕ್ಕ. “ನಿಮ್ಮ ನೀರು ಬೀಳೋ ಜಾಗಾ ನೋಡಿನೇ ಕರಿಬೇವಿನ ಕುಂಡಾ ಇಟ್ಟೀನಿ. ಒಂದ್ವಾರದಿಂದ ಗಿಡಾ ಒಣಗಾಕತ್ತೈತಿ.”

ನಾನು ನೀರು ಉಳಿಸುತ್ತಿದ್ದೇನೆಂದು ಬೀಗುತ್ತಿದ್ದರೆ, ಅವರು ನೀರು ಹಾಕುವ ಕೆಲಸವನ್ನೇ ಉಳಿಸಿಕೊಂಡಿದ್ದರು. ನಗು ತಡೆದುಕೊಂಡು ಅವರನ್ನು ಬಾಲ್ಕನಿಗೆ ಕರೆದೊಯ್ದು, ಅವರ ಎದುರೇ ಕರಿಬೇವಿನ ನೇರಕ್ಕಿದ್ದ ಕುಂಡದ ತಟ್ಟೆಯನ್ನು ತೆಗೆದೆ. ಗಿರಿಜಕ್ಕ ಕಂಬಿಯಿಂದ ಕೆಳಗೆ ಬಗ್ಗಿ ನೋಡಿ, ಕುಂಡವನ್ನು ಸ್ವಲ್ಪ ಎಡಕ್ಕೆ ಸರಿಸುವಂತೆ ಹೇಳಿದರು. ನನ್ನ ಕುಂಡವನ್ನು!

ಈಗ ವಾರಕ್ಕೊಮ್ಮೆ ನಮ್ಮ ಬಾಗಿಲಿಗೆ ಕರಿಬೇವು ಬರುತ್ತದೆ, ಕೊಳ್ಳುವ ಗೋಜಿಲ್ಲ. ಮೊನ್ನೆ ಅದನ್ನು ಕೊಡುತ್ತ, ಅಕ್ಕಿಗಿಂತ ಬೇಳೆ ತೊಳೆದ ನೀರಿಗೆ ಗಿಡ ಚೆನ್ನಾಗಿ ಚಿಗುರುತ್ತದೆ ಎಂದರು. ಅಂದಿನಿಂದ ನಮ್ಮನೆಯ ಅಡುಗೆ ಏನೆಂದು ಕೆಳಮನೆಯ ಗಿಡ ತೀರ್ಮಾನಿಸುತ್ತಿದೆ.