ಪ್ಲಾಸ್ಟಿಕ್ಕಿನೊಳಗಿನ ಸರ್ಟಿಫಿಕೇಟು

ಡ್ರೈವರಣ್ಣ ಅವಳನ್ನು ಮೊದಲು ನೋಡಿದ್ದು ಪರದೇಶದಲ್ಲಿನ ಭಾರತೀಯ ದೂತಾವಾಸ ಕಚೇರಿಯ ಕಾಯುವ ಕೋಣೆಯಲ್ಲಿ. ಅವನು ಆಸ್ಪತ್ರೆಯ ವ್ಯಾನ್ ಓಡಿಸುವವನು. ಪಾಸ್‌ಪೋರ್ಟ್ ನವೀಕರಿಸಲು ಅರ್ಧ ದಿನ ರಜೆ ಹಾಕಿ ಬಂದು, ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತಿದ್ದ. ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳು, ಕೆಟ್ಟು ನಿಂತ ನೀರಿನ ಯಂತ್ರ, ಗಾಜಿನ ಹಿಂದೆ ಸಾಲು ಕೌಂಟರುಗಳು. ಅವುಗಳಲ್ಲಿ ತೆರೆದಿದ್ದದ್ದು ಒಂದೇ. ಎಲ್ಲರೂ ಕೂತಿದ್ದರೂ ಅವಳೊಬ್ಬಳು ಕೂರಲೊಲ್ಲಳು. ಫೈಲನ್ನು ಎದೆಗೆ ಅವುಚಿಕೊಂಡು, ಬೋರ್ಡಿನ ಮೇಲೆ ಟೋಕನ್ ನಂಬರು ಬದಲಾದಾಗಲೆಲ್ಲ ಕೌಂಟರಿನ ತನಕ ಹೋಗುವಳು, ತನ್ನದಲ್ಲವೆಂದು ತಿಳಿದು ವಾಪಸು ಬರುವಳು. ಸ್ವೆಟರಿನ ಗುಂಡಿಗಳು ಮೇಲಿಂದ ಕೆಳಗಿನವರೆಗೆ ಒಂದೊಂದು ಕಾಜ ತಪ್ಪಿದ್ದವು. ಬಾಯಲ್ಲಿ ಏನೋ ಗೊಣಗಾಟ. ಪಕ್ಕದಲ್ಲೇ ಹಾದುಹೋದಾಗ ಅದು ಕನ್ನಡವೆಂದು ಅವನಿಗೆ ತಿಳಿಯಿತು.

"ಇಷ್ಟು ಜನಕ್ಕೆ ಒಂದು ಕಿಟಕಿ! ಉದ್ಧಾರ ಆದ ಹಾಗೇ."

"ಕೂತ್ಕೊಳಮ್ಮ ತಂಗಿ. ನೀನು ಓಡಾಡಿದಷ್ಟು ಬೇಗ ನಂಬರು ಓಡಲ್ಲ," ಎಂದ ಡ್ರೈವರಣ್ಣ.

ಅವಳು ಬೆಚ್ಚಿ ನಿಂತಳು. "ಅಯ್ಯೋ, ನಿಮಗೆ ಅರ್ಥ ಆಯ್ತಾ? ಕೆಟ್ಟ ಮಾತೇನಾದ್ರೂ ಆಡಿದ್ನಾ?"

"ಇನ್ನೂ ಇಲ್ಲ. ಮಧ್ಯಾಹ್ನದ ತನಕ ಕಾದ್ರೆ ಅದೂ ಬರುತ್ತೆ."

ಅವಳು ನಕ್ಕು ಕುರ್ಚಿಯ ಅಂಚಿನಲ್ಲಿ ಕೂತಳು. ಅವನೂ ತಾನು ಕೆಲಸ ಮಾಡುವ ಆಸ್ಪತ್ರೆಯವನೇ ಎಂದು ಗೊತ್ತಾದ ಮೇಲಂತೂ ಮಾತಿನ ಕಟ್ಟೆ ಒಡೆಯಿತು. ಊರಿನಲ್ಲಿ ಅವಳು ಆಪರೇಷನ್ ಥಿಯೇಟರಿನ ನರ್ಸು. ಇಲ್ಲಿ ಸದ್ಯಕ್ಕೆ ಸಹಾಯಕಿ: ಹಾಸಿಗೆಯ ಬಟ್ಟೆ ಬದಲಿಸುವುದು, ರೋಗಿಗಳಿಗೆ ಊಟ ಮಾಡಿಸುವುದು, ಗಾಲಿಕುರ್ಚಿ ತಳ್ಳುವುದು. ಇಲ್ಲಿನ ನರ್ಸಿಂಗ್ ಮಂಡಳಿ ಅವಳನ್ನು ನರ್ಸ್ ಎಂದು ಒಪ್ಪಬೇಕಾದರೆ ಮೂಲ ಸರ್ಟಿಫಿಕೇಟಿನ ಮೇಲೆ ದೂತಾವಾಸದ ಮೊಹರು ಬೀಳಬೇಕು. ಥಿಯೇಟರಿನಲ್ಲಿ ಒಂದು ಜಾಗ ಖಾಲಿ ಇತ್ತು. ತಿಂಗಳ ಕೊನೆಯ ತನಕ ಕಾಯುತ್ತೇನೆಂದು ಮೇಟ್ರನ್ ಮಾತು ಕೊಟ್ಟಿದ್ದರು.

"ನಿನ್ನೆ ವಾರ್ಡಲ್ಲಿ ಡಾಕ್ಟರು ಕತ್ತರಿ ಕೇಳಿದ್ರು ಅಣ್ಣ. ನನ್ನ ಕೈ ತಾನಾಗೇ ಮುಂದೆ ಹೋಯ್ತು. 'ನೀನಲ್ಲ, ನರ್ಸನ್ನ ಕರಿ' ಅಂದ್ರು," ಎಂದು ಹೇಳಿ ಅವಳು ಮತ್ತೆ ಎದ್ದು ನಿಂತಳು.

ಕೊನೆಗೆ ಅವಳ ನಂಬರು ಬಂತು. ಕೌಂಟರಿನ ಮೇಡಂ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಟಕಟಕ ಬಡಿದರು.

"ಲ್ಯಾಮಿನೇಷನ್ ಮಾಡ್ಸಿದೀರಲ್ಲಮ್ಮ! ಮೊಹರು ಎಲ್ಲಿ ಒತ್ತಲಿ? ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲುತ್ತಾ?"

"ಹಾಳಾಗ್ಬಾರ್ದು ಅಂತ ಅಪ್ಪ ಮಾಡ್ಸಿದ್ದು ಮೇಡಂ."

"ಎಲ್ಲರ ಅಪ್ಪಂದಿರೂ ಅದನ್ನೇ ಮಾಡ್ತಾರೆ. ಒಳಗಿನ ಕಾಗದ ತನ್ನಿ, ಇಲ್ಲಾಂದ್ರೆ ಡೂಪ್ಲಿಕೇಟ್ ತರಿಸಿ."

ಮನೆಯಲ್ಲಿ ಮೊದಲು ಓದಿದವರ ಸರ್ಟಿಫಿಕೇಟಿನ ಹಣೆಬರಹವೇ ಅಷ್ಟು. ಸೋರುವ ಹೆಂಚು, ಗೆದ್ದಲು, ಇಲಿ, ಚಿಕ್ಕ ಮಕ್ಕಳ ಕೈ, ಇವೆಲ್ಲದರಿಂದ ಅದನ್ನು ಕಾಪಾಡಲು ಅಪ್ಪಂದಿರಿಗೆ ಗೊತ್ತಿದ್ದ ದಾರಿ ಒಂದೇ. ಅವಳಪ್ಪ ಕಾಲೇಜಿನಿಂದ ನೇರ ಝೆರಾಕ್ಸ್ ಅಂಗಡಿಗೆ ಹೋಗಿದ್ದ. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದದ್ದನ್ನು ಮಡಚಿಹೋದೀತೆಂದು ಎರಡೂ ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತೇ ಊರು ಸೇರಿದ್ದ.

ಬಿಸಿ ತಾಗಿಸಿದರೆ ಅಂಟು ಬಿಡುತ್ತದೆಂದು ಯಾರೋ ಹೇಳಿದ್ದನ್ನು ಡ್ರೈವರಣ್ಣ ನಂಬಿದ. ಭಾನುವಾರ ಮಧ್ಯಾಹ್ನ ಅವಳನ್ನು ಮನೆಗೆ ಕರೆದು, ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ.

"ಸ್ವಂತ ಷರ್ಟನ್ನೇ ಸುಟ್ಕೊಳ್ಳೋರು ನೀವು. ಈಗ ಇವಳ ಬಾಳಿಗೆ ಇಸ್ತ್ರಿ ಹಾಕೋಕೆ ಹೊರಟ್ರಾ?" ಎಂದಳು ಅವನ ಹೆಂಡತಿ. "ಮೊದಲು ಬೇರೆ ಏನಾದ್ರೂ ಹಾಕಿ ನೋಡಿ."

ಅದೃಷ್ಟಕ್ಕೆ ಆ ಮಾತು ಕೇಳಿದರು. ಅಪ್ಪ ಮಾರ್ಕ್ಸ್ ಕಾರ್ಡುಗಳನ್ನೂ ಲ್ಯಾಮಿನೇಷನ್ ಮಾಡಿಸದೆ ಬಿಟ್ಟಿರಲಿಲ್ಲವಾದ್ದರಿಂದ, ಮೊದಲ ವರ್ಷದ್ದನ್ನು ಬಟ್ಟೆಯಡಿ ಇಟ್ಟು ಬಿಸಿ ಮಾಡಿದರು. ಒಂದು ಮೂಲೆ ಎದ್ದಿತು. "ಬಂತು, ಬಂತು!" ಎಂದು ಡ್ರೈವರಣ್ಣ ಹಿಗ್ಗಿ ಎಳೆದ. ಪ್ಲಾಸ್ಟಿಕ್ಕೇನೋ ಬಂತು, ಜೊತೆಗೆ ಅಕ್ಷರಗಳೂ ಪ್ರಿನ್ಸಿಪಾಲರ ಸಹಿಯೂ ಬಂದವು. ಮೇಜಿನ ಮೇಲೆ ಉಳಿದದ್ದು ಮಾಸಲು ಬಿಳಿ ಹಾಳೆ.

ಅವಳು ಅಳಲಿಲ್ಲ. ಎದ್ದು, ಆ ಪುಟ್ಟ ಅಡುಗೆಮನೆಯಲ್ಲಿ ಬಾಗಿಲಿಂದ ಒಲೆಯವರೆಗೆ, ಒಲೆಯಿಂದ ಬಾಗಿಲಿಗೆ ತಿರುಗತೊಡಗಿದಳು. "ಒಂದ್ಕಡೆ ನಿಲ್ಲೇ ಸುಂಟರಗಾಳಿ, ನನಗೆ ತಲೆ ತಿರುಗ್ತಿದೆ," ಎಂದು ಡ್ರೈವರಣ್ಣನ ಹೆಂಡತಿ ಅವಳ ತೋಳು ಹಿಡಿದು ಕೂರಿಸಿದಳು. ಆ ಮನೆಯಲ್ಲಿ ಅವಳಿಗೆ ಅಂದಿನಿಂದ ಅದೇ ಹೆಸರು.

ಇನ್ನುಳಿದದ್ದು ಡೂಪ್ಲಿಕೇಟಿನ ದಾರಿ. ಮಗಳ ಪರವಾಗಿ ಅಪ್ಪ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ಅವಳು ಅಧಿಕಾರ ಪತ್ರ ಬರೆದುಕೊಡಬೇಕು, ಅದನ್ನೂ ದೂತಾವಾಸವೇ ದೃಢೀಕರಿಸಬೇಕು. ಈ ಸಲ ಯಾವ ಲೋಪವೂ ಆಗಬಾರದೆಂದು ಅವಳು ಮನೆಯಲ್ಲೇ ಎಲ್ಲಾ ಪುಟಕ್ಕೂ ಸಹಿ ಹಾಕಿ, ಪಿನ್ ಹೊಡೆದು ತಂದಳು.

"ಯಾರ ಸಹಿ ಇದು?" ಮೇಡಂ ಕೇಳಿದರು.

"ನಂದೇ ಮೇಡಂ."

"ನಾನು ನೋಡ್ಲಿಲ್ವಲ್ಲ! ನನ್ನ ಮುಂದೆ ಹಾಕಿದ್ರೆ ತಾನೇ ನಿಮ್ಮದು ಅಂತ ನಾನು ಬರೆಯೋದು? ಹೊಸ ಪ್ರತಿ ತನ್ನಿ. ಕೌಂಟರು ಮುಚ್ಚೋ ಹೊತ್ತಾಯ್ತು."

ಅವಳು ಮೆಟ್ಟಿಲು ಹಾರಿ ಬೀದಿಗೆ ಓಡಿದಳು. ಕೆಳಗೆ ವ್ಯಾನ್ ನಿಲ್ಲಿಸಿಕೊಂಡಿದ್ದ ಡ್ರೈವರಣ್ಣನಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. "ಹೊಸ ಪ್ರತಿ ಬೇಕಂತೆ" ಎಂದು ಅವಳು ಹತ್ತಿದ್ದೇ ತಡ, ಪ್ರಿಂಟ್ ಅಂಗಡಿಯತ್ತ ಗಾಡಿ ತಿರುಗಿಸಿದ. ವಾಪಸು ಬಂದಾಗ ಕೌಂಟರಿನ ಪರದೆ ಅರ್ಧ ಇಳಿದಿತ್ತು. ಅದರಡಿ ಕಾಗದ ತೂರಿಸಿ, ಅವಸರದಲ್ಲಿ ಸಹಿ ಗೀಚತೊಡಗಿದಳು.

"ಪಾಸ್‌ಪೋರ್ಟಲ್ಲಿ ಇರೋ ಹಾಗೆ ಹಾಕಮ್ಮ. ಉಸಿರು ಬಿಡು ಮೊದಲು," ಎಂದು ಮೇಡಂ ಪರದೆಯನ್ನು ಮತ್ತೆ ಮೇಲಕ್ಕೆತ್ತಿದರು.

ಪತ್ರ ತಲುಪಿದ ದಿನ ಅಪ್ಪ ಫೋನ್ ಮಾಡಿದ. "ನಾಳೆನೇ ಹೋಗ್ತೀನಿ ಮಗಾ. ಹೊಸದು ಕೈಗೆ ಸಿಕ್ಕಿದ ತಕ್ಷಣ, ಈ ಸಲ ದಪ್ಪನೇ ಲ್ಯಾಮಿನೇಷನ್ ಹಾಕ್ಸಿ ಕಳಿಸ್ತೀನಿ."

"ಅಪ್ಪಾ, ಬೇಡಾ!" ಎಂದು ಅವಳು ಕೂಗಿದ ರಭಸಕ್ಕೆ ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಿಮ್ಮ ದಮ್ಮಯ್ಯ. ಕಾಗದವಾಗೇ ಕಳಿಸಿ."

ಆದರೆ ಡೂಪ್ಲಿಕೇಟು ಬೇಗ ಹೊರಡಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಹಿ ಹಾಕಬೇಕಾದ ಅಧಿಕಾರಿ ರಜೆಯಲ್ಲಿದ್ದರು. ಬಂದ ಮೇಲೆ ಸಭೆಯಲ್ಲಿದ್ದರು. ಅಪ್ಪ ಕಚೇರಿಯ ಬೆಂಚಿನಿಂದ ಫೋನ್ ಮಾಡಿ "ಇವತ್ತು ಆಗುತ್ತಂತೆ" ಅನ್ನುವುದು, ಸಂಜೆ ಸುಮ್ಮನಾಗುವುದು ನಡೆದೇ ಇತ್ತು. ಅವಳು ಇತ್ತ ಕೆಲಸದ ನಡುವೆ ಫೋನ್ ತೆಗೆದು ನೋಡುವುದು, ಒಳಗಿಡುವುದು. ತಿಂಗಳು ಮುಗಿಯಿತು. ಥಿಯೇಟರಿನ ಜಾಗ ಬೇರೆಯವಳ ಪಾಲಾಯಿತು.

ಅಂದು ಅವಳು ವ್ಯಾನಿನ ಮುಂದಿನ ಸೀಟಿನಲ್ಲಿ ಬಂದು ಕೂತಳು. ಕೈಕಾಲು ಒಂದೂ ಅಲುಗಲಿಲ್ಲ. ಡ್ರೈವರಣ್ಣನಿಗೆ ಹೆದರಿಕೆಯಾದದ್ದು ಆಗಲೇ.

"ವಾಪಸ್ ಹೋಗ್ಬಿಡ್ಲಾ ಅಣ್ಣ?"

"ಹೋಗೋದಾದ್ರೆ ಹೋಗು. ಆದ್ರೆ ನಿಮ್ಮಪ್ಪ ಆ ಬೆಂಚಿಂದ ಎದ್ದಿಲ್ಲವಲ್ಲ ಇನ್ನೂ. ಅವರಿಗೇನು ಹೇಳ್ತೀಯಾ?"

ಅವಳು ಫೋನ್ ತೆಗೆದು ಊರಿಗೆ ಕರೆ ಮಾಡಿ, "ಊಟ ಆಯ್ತಾ ಅಪ್ಪ?" ಎಂದಷ್ಟೇ ಕೇಳಿದಳು.

ಡೂಪ್ಲಿಕೇಟು ಬಂದದ್ದು ಅವಳ ಸಹಾಯಕಿ ಕೆಲಸದ ಪರವಾನಗಿ ಮುಗಿಯಲು ಸ್ವಲ್ಪವೇ ಮುಂಚೆ. ಮೇಡಂ ಅದನ್ನು ತಿರುವಿ ನೋಡಿ, ಹಿಂಭಾಗದಲ್ಲಿ ಮೊಹರು ಒತ್ತಿದರು. ಮಂಡಳಿ ಅವಳ ಹೆಸರು ಸೇರಿಸಿಕೊಂಡಿತು. ಥಿಯೇಟರಿನಲ್ಲಿ ಮತ್ತೆ ಜಾಗ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಈಗ ಅವಳು ಅದೇ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್ ಆಗಿದ್ದಾಳೆ.