ಹಳದಿ ಪಟದ ಹಕ್ಕಿಗಳು

ಕಾಗದ ಮಡಚಿದರೆ ಕಾಡು ಉಳಿಯುತ್ತದೆಯೇ ಎಂದು ನಾನು ಹೆಂಡತಿಯನ್ನು ಎಷ್ಟು ಸಲ ಆಡಿಕೊಂಡಿದ್ದೇನೋ. ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಒಂದು ಕೇಂದ್ರಕ್ಕಾಗಿ ಅವಳು ಬಣ್ಣದ ಕಾಗದ ಮಡಚಿ ಒರಿಗಾಮಿ ಹಕ್ಕಿ ಮಾಡುತ್ತಾಳೆ. ದೇಣಿಗೆ ಕೊಟ್ಟವರಿಗೆ ಕೇಂದ್ರದವರು ಒಂದೊಂದು ಹಕ್ಕಿ ಕೊಡುತ್ತಾರೆ. ನಮ್ಮ ಚಾಮರಾಜಪೇಟೆ ಮನೆಯ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿಲ್ಲ, ಬರೀ ಹಕ್ಕಿ. ನನಗೆ ರೇಗುತ್ತಿತ್ತು.

ಹೋದ ಆಷಾಢದಲ್ಲಿ, ಗಾಳಿ ಎದ್ದ ಒಂದು ಸಂಜೆ, ಅಟ್ಟದಲ್ಲಿದ್ದ ನನ್ನ ಹಳೆಯ ಮಾಂಜಾ ಉಂಡೆ ನೆನಪಾಯಿತು. ಗಾಜಿನ ಪುಡಿ ಸವರಿದ ದಾರ ಅದು. ನಿವೃತ್ತನಾದವನಿಗೆ ಇನ್ನೇನು ಕೆಲಸ? ಒಂದು ಕಟ್ಟು ಹಳದಿ ಗಾಳಿಪಟ ತಂದೆ, ತಾರಸಿ ಹತ್ತಿ ಒಂದನ್ನು ಹಾರಿಸಿದೆ. ಕೈ ಇನ್ನೂ ಮರೆತಿಲ್ಲ ಎಂದು ಬೀಗುತ್ತಿರುವಾಗಲೇ ದಾರ ಜಗ್ಗಿತು. ಒಂದು ಹದ್ದು ಗಿರಕಿ ಹೊಡೆಯುತ್ತಾ ಬಂದು ನಮ್ಮ ನೀರಿನ ಟ್ಯಾಂಕಿನ ಪಕ್ಕ ಬಿತ್ತು. ರೆಕ್ಕೆಯ ಬುಡದಲ್ಲಿ ರಕ್ತ. ಗರುಡ ಕಂಡರೆ ಕೈ ಮುಗಿಯುವವನು ನಾನು, ಹದ್ದನ್ನು ತಲೆ ಎತ್ತಿಯೂ ನೋಡಿದವನಲ್ಲ. ಅವತ್ತು ಅದರ ಕಣ್ಣು ನೋಡಿ ಹೆಂಡತಿಯನ್ನು ಕೂಗಿದೆ.

ಹೆಂಡತಿ ಅದಕ್ಕೆ ಟವೆಲ್ ಹೊದಿಸಿ, ರಟ್ಟಿನ ಡಬ್ಬದಲ್ಲಿಟ್ಟು, ಕೇಂದ್ರಕ್ಕೆ ಫೋನ್ ಮಾಡಿದಳು. ಅಲ್ಲಿಂದ ಬಂದ ಹುಡುಗಿ, "ಯಾರ ಮಾಂಜಾ ಆಂಟಿ?" ಎಂದು ಕೇಳಿದಳು. ಇವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಯಾರದ್ದೋ ಏನೋಮ್ಮ," ಎಂದಳು ಇವಳು.

ಮತ್ತೆ ಹಾರುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ ಎಂದು ಹುಡುಗಿ ಡಬ್ಬ ಎತ್ತಿಕೊಂಡು ಹೋದಳು.

ಬೈದಿದ್ದರೆ ವಾಸಿಯಿತ್ತು. ಹೆಂಡತಿ ಮೇಜಿನ ಮುಂದೆ ಕೂತು ಮತ್ತೆ ಹಕ್ಕಿ ಮಡಚತೊಡಗಿದಳು. ಮಾಂಜಾ ಉಂಡೆಯನ್ನು ನಾನೇ ಸುಟ್ಟೆ. ಮಿಕ್ಕ ಪಟಗಳ ಕಡ್ಡಿ ಕಿತ್ತು, ಕಾಗದವನ್ನು ಚೌಕವಾಗಿ ಕತ್ತರಿಸಿಕೊಂಡು ಅವಳೆದುರು ಕೂತೆ. ನನ್ನ ಮೊದಲ ಹಕ್ಕಿ ಬಸ್ಸಿಗೆ ಸಿಕ್ಕ ಕಾಗೆಯ ಹಾಗಿತ್ತು. "ಕೊಕ್ಕು ಆ ಕಡೆ ಅಲ್ಲ ರೀ," ಎಂದು ಬಿಡಿಸಿ ಮತ್ತೆ ಕೈಗೆ ಕೊಟ್ಟಳು. ಐದು ವಾರ ದಿನಾ ಮಡಚಿದೆ. ಫೋನ್ ಬಂದಾಗಲೆಲ್ಲ ಕೇಂದ್ರದವರದ್ದೇ ಇರಬೇಕೆಂದು ಮಡಚುವುದು ಬಿಟ್ಟು ಏಳುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಅದೇ ಹುಡುಗಿ ಹದ್ದನ್ನು ತಂದಳು. ಸಿಕ್ಕಿದ ಜಾಗದಲ್ಲೇ ಬಿಡಬೇಕಂತೆ. ತಾರಸಿಯಲ್ಲಿ ಡಬ್ಬ ತೆರೆದರೆ ಅದು ಮೋಟುಗೋಡೆ ಹತ್ತಿ ಸುಮ್ಮನೆ ಕೂತಿತು. ಹಾರಲಿಲ್ಲ. ನೋಡುವ ಧೈರ್ಯವಿಲ್ಲದೆ ನಾನು ಟ್ಯಾಂಕಿನ ಹಿಂದೆ ಹೋಗಿ ನಿಂತೆ.

"ರೀ, ಬನ್ನಿ ಇಲ್ಲಿ, ಹೋಯ್ತು!" ಎಂದು ಇವಳು ಕೂಗಿದಳು.

ಓಡಿ ಬಂದೆ. ಹದ್ದು ಎದುರುಮನೆಯ ತೆಂಗಿನಮರ ದಾಟಿ, ಸುತ್ತು ಹಾಕುತ್ತಾ ಮೇಲೇರುತ್ತಿತ್ತು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಹೊರಡುವಾಗ ಹುಡುಗಿ ಮೇಜಿನ ಮೇಲಿನ ಹಳದಿ ಹಕ್ಕಿಗಳನ್ನು ನೋಡಿ, "ಇವನ್ನ ಯಾರು ಮಾಡಿದ್ದು ಆಂಟಿ?" ಎಂದಳು.

"ನಮ್ಮನೆಯವರು." ಇವಳ ದನಿಯಲ್ಲಿ ಜಂಬ.

"ಆವತ್ತಿನ ಮಾಂಜಾನೂ ನಂದೇ ಕಣಮ್ಮ," ಎಂದೆ.

ಹುಡುಗಿ ಹದ್ದು ತಂದಿದ್ದ ಖಾಲಿ ಡಬ್ಬವನ್ನು ನನ್ನ ಮುಂದಿಟ್ಟು, "ಹಕ್ಕಿಗಳನ್ನ ಇದ್ರಲ್ಲೇ ತುಂಬ್ಸಿಕೊಡಿ ಅಂಕಲ್," ಎಂದಳು.